ಖಾಲಿ ಸಾಲಿನ ಮೇಲೆ ನಿಂತ ಬಾಣ

ಹೋದ ವಾರ ಮಧ್ಯಾಹ್ನ ಊಟ ಮುಗಿಸಿ ಕೂತಿದ್ದಾಗ ಹಳೆಯ ಆಫೀಸಿನಿಂದ ಫೋನು ಬಂತು. ನಾನು ಬಿಟ್ಟುಬಂದ ಕುರ್ಚಿಯಲ್ಲಿ ಈಗ ಕೂರುವ ಹುಡುಗಿ, ಪೂರ್ವಾ. ಉಡುಪಿ ಕಡೆಯವರ ಮಗಳೇ, ಆದರೆ ಡೊಂಬಿವಲಿಯಲ್ಲಿ ಹುಟ್ಟಿ ಬೆಳೆದವಳು. ನಾನು ಕನ್ನಡದಲ್ಲಿ ಕೇಳಿದರೆ ಅವಳು ಹಿಂದಿಯಲ್ಲಿ ಉತ್ತರ ಕೊಡುತ್ತಾಳೆ.

"ಮ್ಯಾಡಂ, ಡಿಬಗ್ಗರ್ ಪಾಗಲ್ ಹೋ ಗಯಾ. ಆ್ಯರೋ ಖಾಲಿ ಲೈನ್ ಪೆ ಖಡಾ ಹೈ."

"ಅದಕ್ಕೆ ಹುಚ್ಚು ಹಿಡಿಯುವುದಿಲ್ಲ ಮಾರಾಯ್ತಿ. ಅದು ತೋರಿಸುವ ಫೈಲು ಯಾವ ಫೋಲ್ಡರಿನದ್ದು, ಮೊದಲು ಅದನ್ನು ನೋಡು."

ಆ ಕಡೆ ಸ್ವಲ್ಪ ಹೊತ್ತು ಕೀಬೋರ್ಡಿನ ಸದ್ದು. ಆಮೇಲೆ ಒಂದು ಸಣ್ಣ "ಅರೇ". ನನಗೆ ಅಷ್ಟು ಸಾಕಾಯಿತು. ನಿವೃತ್ತಿಯಾಗಿ ಇಷ್ಟು ವರ್ಷವಾದರೂ ಇನ್ನೊಬ್ಬರ "ಅರೇ" ಕೇಳುವಾಗ ಆಗುವ ಖುಷಿ ಕಡಿಮೆಯಾಗಿಲ್ಲ.

"ಯೇ ಸಬ್ ಆಪ್ ಲಿಖ್ ಕೆ ಕ್ಯೂಂ ನಹೀ ರಖತೇ?" ಎಂದು ಕೇಳಿದಳು. ಸರಿ, ಬರೆದಿಡುತ್ತಿದ್ದೇನೆ. ಅವಳಿಗೆ ಕನ್ನಡ ಓದಲು ಬರುವುದಿಲ್ಲ. ಅವಳ ಅಮ್ಮ ಓದಿ ಹೇಳಲಿ, ಆ ನೆಪದಲ್ಲಾದರೂ ತಾಯಿ ಮಗಳು ಒಂದು ಕಡೆ ಕೂತ ಹಾಗಾಗುತ್ತದೆ. ಬಡ್ತಿಯ ಸುದ್ದಿ ಇದರಲ್ಲಿಲ್ಲ. ಸಿಕ್ಕಿದ್ದೇ ಎರಡು, ಅವನ್ನು ಬರೆದರೆ ಓದುವವರಿಗೆ ಆಕಳಿಕೆ. ಬಾಣ ಖಾಲಿ ಸಾಲಿನ ಮೇಲೆ ನಿಂತ ಕಥೆಯನ್ನು ಹೇಳುತ್ತೇನೆ. ಹಾಗೆ ನಿಂತ ಬಾಣವನ್ನು ಕ್ಯಾರೇ ಅನ್ನದೆ ನಾನೊಂದು ಕಾಗದಕ್ಕೆ ಸಹಿ ಹಾಕಿದ್ದೆ. ಅದರಿಂದ ಏನೂ ತಪ್ಪು ಮಾಡದ ಒಬ್ಬ ಮನುಷ್ಯನ ಕೆಲಸ ಹೋಗುವುದರಲ್ಲಿತ್ತು.

ನಮ್ಮದು ಲಿಫ್ಟಿನ ಕಂಟ್ರೋಲ್ ಪ್ಯಾನೆಲ್ ಮಾಡುವ ಸಣ್ಣ ಕಂಪನಿ. ನೀವು ಮಹಡಿಯ ಗುಂಡಿ ಒತ್ತಿದಾಗ ಲಿಫ್ಟು ಎಲ್ಲಿ ನಿಲ್ಲಬೇಕು, ಬಾಗಿಲು ಯಾವಾಗ ತೆರೆಯಬೇಕು ಎಂದು ಹೇಳುವ ಪೆಟ್ಟಿಗೆ ಅದು. ಅದರೊಳಗಿನ ಪ್ರೋಗ್ರಾಂ ಬರೆಯುವವಳು ನಾನು. ಎರಡು ಸಾವಿರದ ಇಸವಿ ಕಳೆದ ಹೊಸತರಲ್ಲಿ, ಠಾಣೆಯ ವಾಗ್ಳೆ ಎಸ್ಟೇಟಿನಲ್ಲಿ ಸೇರಿಕೊಂಡೆ. ಕೆಳಗೆ ಸ್ಪ್ರಿಂಗ್ ಮಾಡುವ ಕಾರ್ಖಾನೆ, ಮೇಲೆ ನಾವು. ಕೆಳಗಿನ ಪ್ರೆಸ್ ಬಡಿದಾಗಲೆಲ್ಲ ನನ್ನ ಚಹಾದ ಲೋಟ ಮೇಜಿನ ಮೇಲೆ ಕೂದಲೆಳೆಯಷ್ಟು ಸರಿಯುತ್ತಿತ್ತು. ಕೆಲಸದಲ್ಲಿ ಮುಳುಗಿ ಮರೆತರೆ, ಆಮೇಲೆ ಅದನ್ನು ಪಕ್ಕದವನ ಮೇಜಿನಿಂದ ತರಬೇಕಾಗುತ್ತಿತ್ತು.

ಮೇಲಧಿಕಾರಿ ಪರಾಂಜಪೆ ಸಾಹೇಬರು. ಮೋಟರು, ತಂತಿ, ರಿಲೇ ಇವುಗಳಲ್ಲಿ ಅವರನ್ನು ಮೀರಿಸುವವರಿಲ್ಲ, ಕಂಪ್ಯೂಟರನ್ನು ಮಾತ್ರ ಮುಟ್ಟುತ್ತಿರಲಿಲ್ಲ. ಅವರಿಗೆ ನಂಬಿಕೆ ಇದ್ದದ್ದು ಕಾಗದದ ಮೇಲೆ. ಏನು ಹೇಳಿದರೂ ಮೊದಲು "ಪಕ್ಕಾ?" ಎಂದು ಕೇಳುವರು. ಪಕ್ಕಾ ಎಂದರೆ, "ಲಿಖ್ ಕೆ ದೋ" ಎಂದು ಬಿಳಿ ಹಾಳೆಯನ್ನು ಮುಂದೆ ತಳ್ಳುವರು. ನಾನು ಆ ಆಫೀಸಿನಲ್ಲಿ ಬರೆದ ಪ್ರೋಗ್ರಾಂ ಹೆಚ್ಚೋ, ಬರೆದುಕೊಟ್ಟ ಹಾಳೆ ಹೆಚ್ಚೋ ಎಂದು ಕೇಳಿದರೆ ಹೇಳಲಾರೆ.

ಈ ಕೆಲಸ ಗೊತ್ತಿಲ್ಲದವರಿಗೆ ಎರಡು ಮಾತು ಹೇಳಬೇಕು. ಡಿಬಗ್ಗರ್ ಎಂದರೆ ಓಡುವ ಪ್ರೋಗ್ರಾಮನ್ನು ಒಂದೊಂದು ಸಾಲಿಗೂ ನಿಲ್ಲಿಸಿ ವಿಚಾರಿಸುವ ಸಾಧನ. ನಾವು ಬರೆಯುವ ಎಡಿಟರಿನೊಳಗೇ ಅದನ್ನು ಓಡಿಸುತ್ತಿದ್ದೆವು. ಪರದೆಯ ಮೇಲಿನ ಅರ್ಧದಲ್ಲಿ ನಾವು ಬರೆದ ಸಾಲುಗಳು, ಕೆಳಗಿನ ಅರ್ಧದಲ್ಲಿ ಡಿಬಗ್ಗರಿನ ಮಾತು, ಈಗ ಯಾವ ಸಾಲು ನಡೆಯುತ್ತಿದೆ ಎಂದು ತೋರಿಸಲು ಅಂಚಿನಲ್ಲಿ ಒಂದು ಸಣ್ಣ ಬಾಣ. ನೋಡಲು ಬಹಳ ಚೆಂದ. ಆದರೆ ಡಿಬಗ್ಗರಿಗೆ ಗೊತ್ತಿರುವುದು ಫೈಲಿನ ಹೆಸರು ಮತ್ತು ಸಾಲಿನ ನಂಬರು, ಅಷ್ಟೇ. ಆ ಫೈಲು ಎಲ್ಲಿದೆ ಎಂಬ ವಿಳಾಸ ತಪ್ಪಿದರೆ, ಅದೇ ಹೆಸರಿನ ಬೇರೆ ಫೈಲನ್ನು ತಂದು ಎದುರಿಗಿಟ್ಟು, ಬಾಣವನ್ನೂ ಇಟ್ಟು, ಗಂಭೀರವಾಗಿ ಕೂರುತ್ತದೆ. ನಮ್ಮ ಡೊಂಬಿವಲಿಯಲ್ಲಿ "ಸ್ಟೇಶನ್ನಿನಿಂದ ಇಳಿದು ಎಡಕ್ಕೆ, ಎರಡನೇ ಗಲ್ಲಿ, ಗಣಪತಿ ಗುಡಿಯ ಹಿಂದೆ" ಎಂದು ವಿಳಾಸ ಹೇಳಿದರೆ, ಪೂರ್ವಕ್ಕೆ ಇಳಿಯಬೇಕಾದವರು ಪಶ್ಚಿಮಕ್ಕೆ ಇಳಿದರೂ ಎಡಕ್ಕೆ ಎರಡನೇ ಗಲ್ಲಿ ಇದ್ದೇ ಇರುತ್ತದೆ, ಗಣಪತಿ ಗುಡಿಯೂ ಇರುತ್ತದೆ. ಮನೆಯವರು ಮಾತ್ರ ಬೇರೆ.

ನನ್ನ ಮೊದಲ ಪೆಟ್ಟು ಸೇರಿದ ತಿಂಗಳಲ್ಲೇ ಬಿತ್ತು. ಲಿಫ್ಟಿನ ಬಾಗಿಲು ತೀರಾ ಬೇಗ ಮುಚ್ಚುತ್ತದೆ ಎಂದು ದೂರು ಬಂದಿತ್ತು. ಮೂರು ದಿನ ತಿದ್ದಿದೆ. ಎರಡು ಸೆಕೆಂಡಿದ್ದದ್ದನ್ನು ಐದು ಮಾಡಿದೆ, ಹತ್ತು ಮಾಡಿದೆ, ಸಿಟ್ಟು ಬಂದು ಐವತ್ತು ಮಾಡಿದೆ. ಬಾಗಿಲು ಎರಡಕ್ಕೇ ಮುಚ್ಚುತ್ತಿತ್ತು. ಕಡೆಗೆ ನೋಡಿದರೆ ನಾನು ತಿದ್ದುತ್ತಿದ್ದದ್ದು ಯಾರೋ ಡೆಸ್ಕ್‌ಟಾಪಿನ ಮೇಲೆ ಇಟ್ಟುಹೋದ ಪ್ರತಿ. ಓಡುತ್ತಿದ್ದ ಫೈಲು ಬೇರೆ ಕಡೆ ತಣ್ಣಗೆ ಕೂತಿತ್ತು. ಮನೆಗೆ ಬಂದು ನನ್ನ ಗಂಡ ಸುಧಾಕರರಿಗೆ ಹೇಳಿದೆ. ಅವರು ಮುಲುಂಡಿನ ಒಂದು ಹೋಟೆಲಿನಲ್ಲಿ ಮ್ಯಾನೇಜರು, ನನ್ನ ಕೆಲಸ ಅವರಿಗೆ ಎಂದೂ ಅರ್ಥವಾದದ್ದಿಲ್ಲ, ಅಂದು ಅರ್ಥವಾಯಿತು.

"ಅಂದ್ರೆ ಮೂರು ದಿನ ಪಕ್ಕದ ಮನೆ ಗುಡಿಸಿ ಬಂದಿ. ನಮ್ಮ ಮನೆಯಲ್ಲಿ ಕಸ ಹಾಗೇ ಉಂಟು," ಎಂದರು.

ಎಷ್ಟೋ ವರ್ಷ ಇದೇ ಮಾತಿನಿಂದ ನನ್ನನ್ನು ಕಾಡಿಸಿದರು. ಸಾರಿಗೆ ಉಪ್ಪು ಹಾಕಲು ಮರೆತರೂ "ಪಕ್ಕದ ಮನೆ ಸಾರಿಗೆ ಹಾಕಿದ್ಯಾ?" ಎಂದು ಕೇಳುವರು.

ಆಗಿನ ನಮ್ಮ ಪದ್ಧತಿಯೂ ಹಾಗಿತ್ತು. ಈಗ ಯಾವ ದಿನ ಯಾರು ಏನು ತಿದ್ದಿದರು ಎಂದು ಕಂಪ್ಯೂಟರೇ ನೆನಪಿಡುತ್ತದೆ. ನಮ್ಮಲ್ಲಿ ತಿದ್ದುವ ಮೊದಲು ಇಡೀ ಫೋಲ್ಡರಿನ ಪ್ರತಿ ತೆಗೆದಿಡುವುದೇ ಜಾಗ್ರತೆ. ಅದಕ್ಕೆ "ಫೈನಲ್" ಎಂದು ಹೆಸರು. ಮತ್ತೆ ತಿದ್ದಿದರೆ "ಫೈನಲ್ ಟು". ಆಮೇಲೆ "ಫೈನಲ್ ಅಸಲಿ". ನಾನು ಕಂಡ ಕೊನೆಯದು "ಅಸಲಿ ಕೆ ಬಾದ್", ಅಂದರೆ ಅಸಲಿಯ ನಂತರದ್ದು. ಎಲ್ಲದರೊಳಗೂ ಅದೇ ಹೆಸರಿನ ಅದೇ ಫೈಲುಗಳು. ಎಸೆಯಲು ಯಾರಿಗೂ ಧೈರ್ಯವಿಲ್ಲ. ಹಳೆಯ ಡಬ್ಬಿಗಳನ್ನು ಅಟ್ಟದ ಮೇಲೆ ಇಟ್ಟುಕೊಳ್ಳುವ ನಮ್ಮಮ್ಮನ ಬುದ್ಧಿ ನನಗೆ ಬಂದದ್ದು ಆ ಆಫೀಸಿನಲ್ಲಿ.

ಕೆಲವು ವರ್ಷಗಳ ಮೇಲೆ ಆಫೀಸು ಘಣಸೋಲಿಗೆ ಸ್ಥಳಾಂತರವಾಯಿತು. ಡೊಂಬಿವಲಿಯಿಂದ ಠಾಣೆಗೆ ಒಂದು ಗಾಡಿ, ಅಲ್ಲಿ ಸೇತುವೆ ಹತ್ತಿ ಇಳಿದು ವಾಶಿ ಕಡೆಯ ಇನ್ನೊಂದು ಗಾಡಿ. ಸಾಮಾನೆಲ್ಲ ಟೆಂಪೋದಲ್ಲಿ ಹೋಯಿತು. ನನ್ನ ಫೋಲ್ಡರುಗಳ ಒಂದು ಪ್ರತಿಯನ್ನು ಸೀಡಿಗೆ ಹಾಕಿ ಪರ್ಸಿನಲ್ಲಿಟ್ಟುಕೊಂಡು ಹೋದೆ, ಟೆಂಪೋದವರ ಮೇಲೆ ಭರವಸೆ ಸಾಲದೆ.

ಹೊಸ ಜಾಗದಲ್ಲಿ ಪ್ರೋಗ್ರಾಂ ಕಟ್ಟಲು, ಅಂದರೆ ಬರೆದದ್ದನ್ನು ಲಿಫ್ಟಿಗೆ ತಿಳಿಯುವ ಭಾಷೆಗೆ ತಿರುಗಿಸಲು, ಮೂಲೆಯಲ್ಲಿ ಪ್ರತ್ಯೇಕ ಯಂತ್ರ ಇಟ್ಟರು. ಕಟ್ಟುವುದು ಅಲ್ಲಿ, ಡಿಬಗ್ಗರ್ ಓಡಿಸುವುದು ನಮ್ಮ ನಮ್ಮ ಮೇಜಿನಲ್ಲಿ. ಮೊದಲ ದಿನವೇ ಡಿಬಗ್ಗರ್ ಮುಷ್ಕರ ಹೂಡಿತು. ಆ ಯಂತ್ರದಲ್ಲಿದ್ದ ವಿಳಾಸವನ್ನು ನನ್ನ ಯಂತ್ರದಲ್ಲಿ ಹುಡುಕಿ, ಫೈಲೇ ಇಲ್ಲ ಎಂದಿತು. ಮೇಲಿನ ಅರ್ಧ ಪರದೆ ಖಾಲಿ. ಎಲ್ಲರೂ ತಲೆ ಮೇಲೆ ಕೈ ಹೊತ್ತು ಕೂತಿದ್ದಾಗ ನಾನು ಕೈಪಿಡಿ ತಿರುವಿ ಮದ್ದು ಕಂಡುಹಿಡಿದೆ. ಸೆಟ್ಟಿಂಗಿನ ಫೈಲಿನಲ್ಲಿ ಒಂದೇ ಒಂದು ಸಾಲು: ಸಿಗದಿದ್ದರೆ ಈ ಫೋಲ್ಡರಿನಲ್ಲಿ ಹುಡುಕು. ಆ ಹೊತ್ತಿಗೆ ನನ್ನ ಯಂತ್ರದಲ್ಲಿ ಇದ್ದದ್ದು ಸೀಡಿಯಿಂದ ಇಳಿಸಿದ ವಾಗ್ಳೆ ಎಸ್ಟೇಟಿನ ಪ್ರತಿ. ಅದರ ವಿಳಾಸವನ್ನೇ ಕೊಟ್ಟೆ. ಪರದೆ ತುಂಬಿತು, ಬಾಣ ಬಂತು. ನನಗೆ ಆದ ಹೆಮ್ಮೆ ಹೇಳತೀರದು. ಆ ಸಾಲನ್ನು ದೊಡ್ಡ ಅಕ್ಷರದಲ್ಲಿ ಪ್ರಿಂಟು ತೆಗೆದು ಗೋಡೆಗೆ ಅಂಟಿಸಿದೆ, ಕೆಳಗೆ ನನ್ನ ಹೆಸರನ್ನೂ ಹಾಕಿದೆ. ಹೊಸಬರು ಬಂದರೆ ಗೋಡೆ ನೋಡಿ ಬರೆದುಕೊಳ್ಳುತ್ತಿದ್ದರು.

ಆಮೇಲೆ ಹೊಸ ಪ್ರತಿ ಬೇರೆ ಫೋಲ್ಡರಿನಲ್ಲಿ ಬಂತು, ನಾನು ಅದರಲ್ಲಿ ತಿದ್ದತೊಡಗಿದೆ, ಮೂಲೆಯ ಯಂತ್ರ ಕಟ್ಟುವುದೂ ಅದನ್ನೇ. ಗೋಡೆಯ ಸಾಲು ಗೋಡೆಯ ಮೇಲೆ ಉಳಿಯಿತು, ಸೆಟ್ಟಿಂಗಿನಲ್ಲೂ ಉಳಿಯಿತು. ಬಾಣ ಆಗಾಗ, ನಮ್ಮ ನೆನಪಿಗಷ್ಟೇ ಬರೆದಿಟ್ಟ ವಿವರಣೆಯ ಸಾಲಿನ ಮೇಲೋ, ಖಾಲಿ ಸಾಲಿನ ಮೇಲೋ ನಿಲ್ಲುವುದನ್ನು ನಾನು ನೋಡಿದ್ದೆ. ಅದಕ್ಕೊಂದು ಕಾರಣವನ್ನೂ ಹೇಳಿಕೊಂಡಿದ್ದೆ: ಭಾಷೆ ತಿರುಗಿಸುವ ಕಂಪೈಲರು ಜಾಣ, ಸಾಲುಗಳನ್ನು ಹಿಂದೆ ಮುಂದೆ ಮಾಡುತ್ತದೆ. ಕೆಲವೊಮ್ಮೆ ಅದು ನಿಜವೇ. ಅರ್ಧ ತಿಳಿದವರಿಗೆ ಇಂಥ ಕಾರಣ ಬಹಳ ಸಲೀಸಾಗಿ ಸಿಗುತ್ತದೆ.

ಕಲ್ಯಾಣದ ದೂರು ಬಂದದ್ದು ಆ ಬೇಸಿಗೆಯಲ್ಲಿ. ಏಳು ಮಹಡಿಯ ಹೊಸ ಕಟ್ಟಡ. ಲೋಡ್ ಶೆಡ್ಡಿಂಗಿನ ಕಾಲ, ದಿನಕ್ಕೆ ಎರಡು ಮೂರು ಸಲ ಕರೆಂಟು ಹೋಗಿ ಬರುತ್ತಿತ್ತು. ಹಾಗೆ ಹೋಗಿ ಬಂದ ಮೇಲೆ ಲಿಫ್ಟು ಕೆಲವೊಮ್ಮೆ ಮೂರರಲ್ಲಿ ನಿಂತು ನಾಲ್ಕು ಎಂದು ತೋರಿಸುತ್ತಿತ್ತು. ಎಲ್ಲ ಮಹಡಿಯ ಬಾಗಿಲಿಗೂ ಒಂದೇ ಬಣ್ಣ. ನಾಲ್ಕನೆಯ ಮಹಡಿಯ ಒಬ್ಬ ಅಜ್ಜಿ ಸೀದಾ ಮೂರನೆಯವರ ಮನೆಗೆ ಹೋಗಿ ಸೋಫಾದ ಮೇಲೆ ಕೂತು ನೀರು ಕೇಳಿದರಂತೆ. ಅವರೂ ಕೊಟ್ಟರಂತೆ. ಇನ್ನೊಬ್ಬರು ಪರರ ಬೀಗಕ್ಕೆ ತಮ್ಮ ಕೀಲಿ ಹಾಕಿ ತಿರುಗಿಸಿ, ಒಳಗಿದ್ದವರು ಕಳ್ಳನೆಂದು ಕೂಗಿದರಂತೆ. ಬಿಲ್ಡರನಿಗೆ ಮಾತ್ರ ನಗು ಬರಲಿಲ್ಲ. ಯಾರ ತಪ್ಪು ಎಂದು ಬರೆದುಕೊಡಿ ಎಂದ.

ತಪ್ಪು ಇರಬಹುದಾದ ಜಾಗ ಎರಡೇ. ಒಂದು ನನ್ನ ಪ್ರೋಗ್ರಾಂ. ಇನ್ನೊಂದು ಪ್ರತಿ ಮಹಡಿಯಲ್ಲಿ ಕೂರಿಸುವ ಸೆನ್ಸರಿನ ವೈರಿಂಗ್. ಅದನ್ನು ಮಾಡಿದವರು ಶರಣಪ್ಪನವರು, ಕಲಬುರಗಿ ಕಡೆಯವರು, ನಮ್ಮಲ್ಲಿ ಗುತ್ತಿಗೆಯ ಮೇಲೆ ಫಿಟ್ಟರ್. ಒಬ್ಬಂಟಿಯಾಗಿ ಎಷ್ಟೋ ವರ್ಷ ಇದ್ದು, ಆ ವರ್ಷವಷ್ಟೇ ಟಿಟ್ವಾಳಾದಲ್ಲಿ ಮನೆ ಹಿಡಿದು ಹೆಂಡತಿಯನ್ನೂ ಮಗಳನ್ನೂ ಕರೆದುಕೊಂಡು ಬಂದಿದ್ದರು. ಮಗಳನ್ನು ಅಲ್ಲಿನ ಇಂಗ್ಲಿಷ್ ಶಾಲೆಗೆ ಸೇರಿಸಿದ್ದನ್ನು ಆಫೀಸಿನಲ್ಲಿ ಒಬ್ಬರನ್ನೂ ಬಿಡದೆ ಹೇಳಿದ್ದರು.

ನಾನು ಡಿಬಗ್ಗರ್ ಹಚ್ಚಿದೆ. ನಮ್ಮ ಹತ್ತಿರ ಪರೀಕ್ಷೆಗೆ ಇದ್ದದ್ದು ಮೇಜಿನ ಮೇಲಿನ ಒಂದು ಪೆಟ್ಟಿಗೆ, ಮಹಡಿಗೊಂದು ಬಲ್ಬು. ಅದಕ್ಕೆ ಮಹಡಿಗಳಿದ್ದವು, ಎರಡು ಮಹಡಿಯ ನಡುವಿನ ಜಾಗ ಇರಲಿಲ್ಲ, ಹಾಗಾಗಿ ಕಲ್ಯಾಣದ ಕಾಯಿಲೆ ಅದರಲ್ಲಿ ಕಾಣಿಸಲಿಲ್ಲ. ಪರದೆಯ ಮೇಲೆ ಸಾಲು ಸಾಲಾಗಿ ನಡೆದು ನೋಡಿದೆ. ಕರೆಂಟು ಬಂದ ಮೇಲೆ ಹತ್ತಿರದ ಮಹಡಿ ಹುಡುಕುವ ಭಾಗ ಮುತ್ತಿನ ಹಾಗಿತ್ತು.

"ಪಕ್ಕಾ?" ಎಂದರು ಸಾಹೇಬರು.

"ಪಕ್ಕಾ ಸರ್. ಒಂದೊಂದು ಸಾಲನ್ನೂ ಕಣ್ಣಾರೆ ನೋಡಿದ್ದೇನೆ."

"ಲಿಖ್ ಕೆ ದೋ."

ಬರೆದುಕೊಟ್ಟೆ. ಪ್ರೋಗ್ರಾಂ ಸರಿಯಿದೆ, ವೈರಿಂಗಿನಲ್ಲಿ ದೋಷವಿರಬೇಕು. ಅದು ಶುಕ್ರವಾರ. ಅಂದು ಸಂಜೆಯೇ ಶರಣಪ್ಪನವರ ಗುತ್ತಿಗೆ ಮುಂದಿನ ತಿಂಗಳಿಂದ ಇಲ್ಲ ಎಂಬ ಮಾತು ಕಿವಿಗೆ ಬಿತ್ತು. ಪಾಪ ಅನಿಸಿತು, ಆದರೆ ತಪ್ಪಿತಸ್ಥರ ಮೇಲೆ ಬರುವ ಪಾಪ ಅದು. ಹೇಳಲು ಈಗ ನಾಚಿಕೆಯಾಗುತ್ತದೆ.

ಶನಿವಾರ ಅವರು ನನ್ನ ಮೇಜಿನ ಹತ್ತಿರ ಬಂದು ನಿಂತರು. ಜಗಳಕ್ಕೆ ಬಂದರೇನೋ ಎಂದು ನಾನು ಮೈ ಬಿಗಿ ಮಾಡಿಕೊಂಡೆ.

"ಬಾಯಾರ, ಮೂರ್ ಸಲ ಬಿಚ್ಚಿ ಕಟ್ಟೀನ್ರಿ. ನಂದೇನೂ ತಪ್ಪ ಸಿಗವಲ್ದು. ನೀವು ಕಂಪ್ಯೂಟರ್‌ದಾಗ ನೋಡೀರಂತಲ್ರಿ, ನನಗೂ ಒಮ್ಮೆ ತೋರಸ್ರಿ."

"ನೋಡಿ ಶರಣಪ್ಪ, ನಿಮ್ಮ ಮೇಲೆ ನನಗೆ ದ್ವೇಷ ಎಂತ ಇಲ್ಲ," ಎಂದು ಡಿಬಗ್ಗರ್ ಓಡಿಸಿ ತೋರಿಸಿದೆ. ಅವರು ಸ್ಟೂಲು ಎಳೆದುಕೊಂಡು ಕೂತು ಬಹಳ ಹೊತ್ತು ನೋಡಿದರು.

"ಈ ಬಾಣ ಏನ್ ಹೇಳ್ತದ್ರಿ?"

"ಈಗ ಯಾವ ಸಾಲು ನಡೀತಾ ಉಂಟು ಅಂತ ಹೇಳ್ತದೆ."

"ಮತ್ತ ಅಲ್ಲಿ ಏನೂ ಬರದೇ ಇಲ್ಲಲ್ರಿ."

"ಅದು ಕಂಪೈಲರಿನ ಜಾಣತನ. ನಿಮಗೆ ಗೊತ್ತಾಗ್ಲಿಕ್ಕಿಲ್ಲ."

"ನನಗ ತಿಳಿಯಂಗಿಲ್ರಿ, ಖರೇನ. ಆದ್ರ ನಮ್ಮ ಕೆಲಸದಾಗ ಒಂದ್ ಪದ್ಧತಿ ಅದ. ಇಪ್ಪತ್ತು ವಾಯರ್ ಒಂದೇ ಬಣ್ಣದವು ಇದ್ರ, ಇದರ ತುದಿ ಅದೇ ಅಂತ ಕಣ್ಣಿಲೆ ನೋಡಿ ಹೇಳಂಗಿಲ್ಲ. ಈ ಕಡಿ ಎಳೀತೀವಿ, ಆ ಕಡಿ ಅಲುಗ್ತದೋ ಇಲ್ಲೋ ನೋಡ್ತೀವಿ. ನಿಮ್ಮದು ಎಳದು ನೋಡೀರೇನ್ರಿ?"

ಎಳೆದು ನೋಡಿರಲಿಲ್ಲ. ಅವರ ಸಮಾಧಾನಕ್ಕೆಂದೇ, ಬೇಗ ಎದ್ದು ಹೋಗಲಿ ಎಂದೇ, ಪರದೆಯ ಮೇಲೆ ಕಾಣುತ್ತಿದ್ದ ಫೈಲಿನ ನಡುಮಧ್ಯೆ ಇಂಗ್ಲಿಷ್ ಅಕ್ಷರದಲ್ಲಿ "ಶರಣಪ್ಪ" ಎಂದು ಬರೆದೆ. ಪ್ರೋಗ್ರಾಮಿನ ಒಳಗೆ ಹಾಗೆ ಯಾರದೋ ಹೆಸರು ಬಂದರೆ ಕಂಪೈಲರು ಬೊಬ್ಬೆ ಹೊಡೆಯಬೇಕು. ಎಂದಿನಂತೆ ಪ್ರೋಗ್ರಾಂ ಕಟ್ಟಿದೆ. ಕಂಪೈಲರು ಚಕಾರ ಎತ್ತಲಿಲ್ಲ.

"ಏನಾತ್ರಿ?"

ನಾನು ಇನ್ನೊಮ್ಮೆ ಕಟ್ಟಿದೆ. ಮತ್ತೆ ಸುಮ್ಮನೆ ಕಟ್ಟಿಕೊಂಡಿತು. ಪರದೆಯ ಮೇಲಿನ ಫೈಲಿನ ಪೂರ್ತಿ ವಿಳಾಸ ತೆಗೆದು ನೋಡಿದೆ: ಸೀಡಿಯಿಂದ ಇಳಿಸಿದ ವಾಗ್ಳೆ ಎಸ್ಟೇಟಿನ ಪ್ರತಿ. ಆರು ತಿಂಗಳಿಂದ ನಾನು ಓಡಿಸುತ್ತಿದ್ದದ್ದು ಘಣಸೋಲಿಯ ಪ್ರೋಗ್ರಾಂ, ಕಣ್ಣಾರೆ ನೋಡುತ್ತಿದ್ದದ್ದು ವಾಗ್ಳೆ ಎಸ್ಟೇಟಿನ ಸಾಲುಗಳು. ನಡುವೆ ಹೊಸ ಪ್ರತಿಯ ಮೇಲ್ಗಡೆ ನಾಲ್ಕು ಸಾಲು ಸೇರಿಸಿದ್ದೆ, ಅದಕ್ಕೇ ಬಾಣ ನಾಲ್ಕು ಸಾಲು ಆಚೆ, ಖಾಲಿ ಜಾಗದಲ್ಲಿ ನಿಲ್ಲುತ್ತಿತ್ತು. ಅದು ಅಷ್ಟು ದಿನವೂ ತನಗೆ ತಿಳಿದ ಮಟ್ಟಿಗೆ ನಿಜವನ್ನೇ ಹೇಳಿತ್ತು.

ಅಸಲಿ ಫೈಲು ತೆರೆದೆ. ಆ ನಾಲ್ಕು ಸಾಲು ಸೇರಿಸಿದ ದಿನ ಕೆಳಗೆ ಮಹಡಿ ಲೆಕ್ಕದ ಒಂದು ಚಿಹ್ನೆಯನ್ನೂ ತಿದ್ದಿದ್ದೆ. ಲಿಫ್ಟು ಮೇಲೆ ಹೋಗುವಾಗ ಕರೆಂಟು ಹೋದರೆ ಲೆಕ್ಕ ಸರಿ ಬರುತ್ತಿತ್ತು. ಇಳಿಯುವಾಗ ಎರಡು ಮಹಡಿಯ ನಡುವೆ ಕರೆಂಟು ಹೋದರೆ ಒಂದು ಮಹಡಿ ಹೆಚ್ಚು ಎಣಿಸುತ್ತಿತ್ತು. ಯಾರ ಕೈವಾಡ ಎಂದು ಹುಡುಕಬೇಕಾಗಿರಲಿಲ್ಲ, ನಾನೇ. ಗೋಡೆಯ ಮೇಲೆ ನನ್ನ ಹೆಸರು ಹೊತ್ತ ಹಾಳೆ ಫ್ಯಾನಿನ ಗಾಳಿಗೆ ಅಲುಗುತ್ತಿತ್ತು.

"ಶರಣಪ್ಪ, ನೀವು ಸ್ವಲ್ಪ ಕೂತಿರಿ," ಎಂದು ಸಾಹೇಬರ ಕೋಣೆಗೆ ಹೋದೆ.

ಅವರು ಎಲ್ಲವನ್ನೂ ಕೇಳಿದರು. "ಪಕ್ಕಾ ಬೋಲಾ ಥಾ ನಾ?" ಎಂದರು. ಹೌದು ಎಂದೆ. ಸ್ವಲ್ಪ ಹೊತ್ತು ಕನ್ನಡಕ ಒರೆಸಿ, ಕೆಟ್ಟ ಮನುಷ್ಯರೇನಲ್ಲ ಅವರು, ನನ್ನ ಒಳ್ಳೆಯದಕ್ಕೇ ಹೇಳಿದರು: "ರಿಪೋರ್ಟ್ ಜಾ ಚುಕಾ ಹೈ. ಪ್ರೋಗ್ರಾಂ ಚುಪ್‌ಚಾಪ್ ಠೀಕ್ ಕರ್ ದೋ."

ವರದಿ ಹೋಗಿಯಾಗಿದೆ, ಸದ್ದಿಲ್ಲದೆ ಸರಿಮಾಡಿದರಾಯಿತು ಎಂದು ಒಂದು ಗಳಿಗೆ ನನಗೂ ಅನಿಸಿತು. ಅನಿಸಲಿಲ್ಲ ಎಂದರೆ ಸುಳ್ಳಾಗುತ್ತದೆ. ಒಂದು ಚಿಹ್ನೆ ತಿದ್ದುವುದು, ಹೊಸ ಚಿಪ್ ಕಳಿಸುವುದು, ಲಿಫ್ಟು ಸರಿಯಾಗುವುದು, ಯಾರಿಗೂ ತಿಳಿಯದು. ಹೊರಗೆ ಸ್ಟೂಲಿನ ಮೇಲೆ ಕೂತವರಿಗೆ ಮಾತ್ರ ಮುಂದಿನ ತಿಂಗಳು ಕೆಲಸವಿರುವುದಿಲ್ಲ. ಟಿಟ್ವಾಳಾದ ಮನೆ, ಮಗಳ ಶಾಲೆ, ಎಲ್ಲ ನನ್ನ ಒಂದು ಹಾಳೆಯ ಕೆಳಗೆ ಹೋಗುತ್ತದೆ. ಅವರ ಮೇಜಿನ ಮೇಲಿಂದ ನಾನೇ ಒಂದು ಬಿಳಿ ಹಾಳೆ ಎಳೆದುಕೊಂಡೆ.

"ಲಿಖ್ ಕೆ ದೇತಿ ಹೂಂ ಸರ್."

"ನಾಮ್ ಭೀ?"

"ನಾಮ್ ಭೀ."

ಶಾಲೆಯ ಮಕ್ಕಳಿಗೂ ತಿಳಿಯುವಂಥ ಇಂಗ್ಲಿಷಿನಲ್ಲಿ ನಾಲ್ಕೇ ಸಾಲು, ಕೆಳಗೆ ನನ್ನ ಹೆಸರು, ಸಹಿ. ಸಾಹೇಬರು ಓದಿ, ಬಿಲ್ಡರನಿಗೆ ಫೋನು ಹಚ್ಚಿದರು. ಆ ವರ್ಷ ನನಗೆ ಬರಬೇಕಾದದ್ದು ಏನೋ ಬರಲಿಲ್ಲ, ಆ ವಿಷಯ ಬರೆಯುವುದಿಲ್ಲ ಎಂದು ಮೊದಲೇ ಹೇಳಿದ್ದೇನೆ. ಸುಧಾಕರರು ಕಥೆ ಕೇಳಿ, ಆ ದಿನ ಮಾತ್ರ ಪಕ್ಕದ ಮನೆಯ ಮಾತು ಎತ್ತದೆ, ತಾವೇ ಚಹಾ ಮಾಡಿ ಕೊಟ್ಟರು.

ಗೋಡೆಯ ಹಾಳೆಯನ್ನು ಕಿತ್ತೆ. ಆ ಜಾಗದಲ್ಲಿ ಕನ್ನಡದಲ್ಲಿ "ಎಳದು ನೋಡ್ರಿ" ಎಂದು ಬರೆದು ಅಂಟಿಸಿದೆ. ಮರಾಠಿಯವರೂ ಹಿಂದಿಯವರೂ ಅರ್ಥ ಕೇಳುವರು, ನಾನು ಇಡೀ ಕಥೆ ಹೇಳುವೆ, ನನ್ನ ಪೆದ್ದುತನ ವರ್ಷಕ್ಕೆ ನಾಲ್ಕು ಸಲ ಹೊಸದಾಗುವುದು. ಆಮೇಲೆ ಹೊಸ ಎಡಿಟರುಗಳು ಬಂದವು, ಬಣ್ಣ ಬಣ್ಣದ ಬಾಣಗಳು ಬಂದವು, ಪ್ರೋಗ್ರಾಂ ಯಾವುದೋ ಊರಿನ ಯಂತ್ರದಲ್ಲಿ ಓಡುವ ಕಾಲವೂ ಬಂತು. ಅಲ್ಲಿಯ ವಿಳಾಸಕ್ಕೆ ಇಲ್ಲಿಯ ವಿಳಾಸ ಯಾವುದು ಎಂದು ಹೇಳಿಕೊಡುವ ಕೆಲಸ ಇನ್ನೂ ಮುಗಿದಿಲ್ಲ. ಪೂರ್ವಾ, ಬಾಣ ಖಾಲಿ ಸಾಲಿನ ಮೇಲೆ ನಿಂತರೆ ಅದಕ್ಕೆ ಬೈಯಬೇಡ. ಕಾಣುವ ಫೈಲಿನಲ್ಲಿ ಏನಾದರೂ ಅಸಂಬದ್ಧ ಬರೆದು ಕಟ್ಟಿ ನೋಡು. ಬೊಬ್ಬೆ ಬಂದರೆ ಸರಿಯಾದ ಮನೆಯಲ್ಲಿದ್ದೀ. ಬರದಿದ್ದರೆ ಸ್ಟೇಶನ್ನಿನ ಆಚೆ ಬದಿಗೆ ಇಳಿದಿದ್ದೀ.

ಇನ್ನೊಂದು ಮಾತು ಉಳಿಯಿತು. ಅದೇ ಶನಿವಾರ, ಸಾಹೇಬರ ಕೋಣೆಯಿಂದ ಹೊರಗೆ ಬಂದಾಗ ಶರಣಪ್ಪನವರು ಸ್ಟೂಲಿನ ಮೇಲೆ ಹಾಗೇ ಕೂತಿದ್ದರು. ಅವರ ಕೆಲಸ ಎಲ್ಲಿಗೂ ಹೋಗುವುದಿಲ್ಲ ಎಂದು ಹೇಳಿ, ಬರೆದ ಹಾಳೆಯನ್ನು ತೋರಿಸಿದೆ. ಅವರಿಗೆ ಇಂಗ್ಲಿಷ್ ಬರುವುದಿಲ್ಲ.

"ಇದರಾಗ ನನ್ನ ಹೆಸರು ಎಲ್ಲದ್ರಿ?"

ಬೆರಳಿಟ್ಟು ತೋರಿಸಿದೆ. ಅವರು ಆ ಜಾಗವನ್ನೇ ನೋಡಿದರು.

"ನೀವು ಹೇಳೀರಂದ್ರ ಇರ್ತದ್ರಿ. ಆದ್ರೂ ಒಂದ್ ಝೆರಾಕ್ಸ್ ಕೊಡ್ರಿ. ಮಗಳ ಕಡಿಂದ ಓದಸ್ತೀನಿ."

ನನಗೆ ಒಮ್ಮೆ ಸಿಟ್ಟು ಬಂತು. ಹೆಸರು ಹಾಕಿ ಸಹಿ ಮಾಡಿ ಕೊಟ್ಟರೂ ನಂಬಿಕೆ ಇಲ್ಲವೇ ಎಂದು. ಆಮೇಲೆ ನಿನ್ನೆಯೂ ಹೆಸರು ಹಾಕಿ ಸಹಿ ಮಾಡಿಯೇ ಕೊಟ್ಟಿದ್ದೆ ಎಂಬುದು ನೆನಪಾಯಿತು. ಹೋಗಿ ಝೆರಾಕ್ಸ್ ತೆಗೆದುಕೊಟ್ಟೆ.

ಸೋಮವಾರ ಬೆಳಿಗ್ಗೆ ನಾನು ಪರ್ಸು ಇಡುವ ಮೊದಲೇ ಬಂದರು.

"ಓದಿಸಿದೆರಿ, ಬಾಯಾರ."

"ಎಂತ ಹೇಳಿದ್ಲು?"

"ಶರಣಪ್ಪನ ವೈರಿಂಗ್ ಸರಿ ಅದ, ತಪ್ಪು ನಂದು ಅಂತ ಬರದು ಬಾಯಾರ ಸಹಿ ಮಾಡ್ಯಾರ ಅಂದಳ್ರಿ." ನೆಲ ನೋಡುತ್ತ ನಕ್ಕರು. "ನಾಕ್ ಸಲ ಓದಿಸಿದೆರಿ. ಮೊದಲನೇದ್ದು ಎಳದು ನೋಡಾಕ. ಉಳದ ಮೂರು ಸುಮ್ನ, ಕೇಳಾಕ."